ಚುಕ್ಕೆಯ ಆಚೆಗೇನಿದೆ ಎಂದು ನಕ್ಷೆಯಲ್ಲೇ ಬರೆಯಿರಿ

ಮಾನ್ಯ ಸಂಪಾದಕರೇ,

ಪೋಡಿ (ಜಮೀನಿನ ವಿಭಜನೆ), ಹದ್ದುಬಸ್ತು (ಗಡಿ ಗುರುತಿಸುವುದು), ಒತ್ತುವರಿ ತಕರಾರುಗಳ ಸುದ್ದಿ ನಿಮ್ಮ ಪುಟಗಳಲ್ಲಿ ಬರದ ವಾರವಿಲ್ಲ. ಒಂದೇ ಜಮೀನನ್ನು ಇಬ್ಬರು ಅಳೆದಾಗ ಎರಡು ಬಗೆಯ ವಿಸ್ತೀರ್ಣ ಬಂದರೆ ಜನ ಮೊದಲು ಅನುಮಾನಪಡುವುದು ಭೂಮಾಪಕರ ಮೇಲೆ, ಆಮೇಲೆ ಯಂತ್ರದ ಮೇಲೆ. ಆದರೆ ಭೂಮಾಪಕರೂ ಸರಿ, ಅಳತೆಯ ಯಂತ್ರವಾದ ಟೋಟಲ್ ಸ್ಟೇಷನ್ನೂ ಸರಿ, ಬಾಂದುಕಲ್ಲುಗಳೂ ಇದ್ದಲ್ಲೇ ಇವೆ ಎನ್ನುವಾಗಲೂ ಲೆಕ್ಕ ಎಡವಬಹುದು. ಟಿಪ್ಪಣಿಯಿಂದ (ಹಳೆಯ ಅಳತೆ ದಾಖಲೆಯಿಂದ) ಕಂಪ್ಯೂಟರಿಗೆ, ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ದಾಟುವಾಗ ಅಂಕಿಗಳು ಹಾಗೇ ಹೋಗುತ್ತವೆ, ಅವು ಯಾವ ಮಾನದಲ್ಲಿವೆ ಎಂಬ ಮಾಹಿತಿ ಹೋಗುವುದಿಲ್ಲ. ಈ ಪತ್ರ ಅಷ್ಟಕ್ಕೇ ಸಂಬಂಧಪಟ್ಟದ್ದು.

ಪಹಣಿಯಿಂದಲೇ ಶುರು ಮಾಡೋಣ. ತುಮಕೂರಿನ ಕಡೆ 2.15 ಎಂದು ಬರೆದಿದ್ದರೆ ಅದು 2 ಎಕರೆ 15 ಗುಂಟೆ. ಎಕರೆಗೆ 40 ಗುಂಟೆ, ಆದ್ದರಿಂದ ದಶಮಾಂಶದಲ್ಲಿ ಇದು 2.375 ಎಕರೆ. ಸೆಂಟ್ಸ್ ಲೆಕ್ಕ (ಎಕರೆಗೆ 100 ಸೆಂಟ್ಸ್) ನಡೆಯುವ ಮಂಗಳೂರು, ಉಡುಪಿ ಕಡೆಯವರಿಗೆ ಅದೇ 2.15 ಅಂದರೆ 2 ಎಕರೆ 15 ಸೆಂಟ್ಸ್, ಅಂದರೆ ನಿಜವಾಗಿಯೂ 2.15 ಎಕರೆ. ಎರಡರ ನಡುವಿನ ವ್ಯತ್ಯಾಸ ಬರೋಬ್ಬರಿ 9 ಗುಂಟೆ. ತಂತ್ರಾಂಶಕ್ಕೆ ಜಿಲ್ಲೆ ಗೊತ್ತಿಲ್ಲ. ಅದರ ಕಣ್ಣಿಗೆ ಚುಕ್ಕೆ ಎಂದರೆ ದಶಮಾಂಶ, ಅಷ್ಟೇ. ಹಿಂದುಮುಂದಾಗಿಯೂ ಇದೇ ತಪ್ಪು ನಡೆಯುತ್ತದೆ: ನಕ್ಷೆ ತಂತ್ರಾಂಶ 1.9876 ಎಕರೆ ಎಂದು ತೋರಿಸಿದರೆ ಅದು 1 ಎಕರೆ 39 ಗುಂಟೆ 8 ಆಣೆ (ಗುಂಟೆಗೆ 16 ಆಣೆ). ಅದನ್ನು ‘1-98’ ಎಂದು ಬರೆದಿಟ್ಟರೆ, ಮುಂದೆ ಓದುವವರು 98 ಗುಂಟೆಯನ್ನು ಎರಡು ಎಕರೆ 18 ಗುಂಟೆ ಮಾಡಿ ಮೊದಲಿನ ಒಂದಕ್ಕೆ ಕೂಡಿಸಿದರೂ ಆಶ್ಚರ್ಯವಿಲ್ಲ.

ಹಳೆಯ ಟಿಪ್ಪಣಿಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದ ತೊಡಕಿದೆ. ಹಳೇ ಮೈಸೂರು ಮತ್ತು ಮುಂಬೈ ಕರ್ನಾಟಕದ ಟಿಪ್ಪಣಿಗಳಲ್ಲಿ ದೂರ ಇರುವುದು ಚೈನು ಮತ್ತು ಆಣೆಯಲ್ಲಿ. ಒಂದು ಚೈನಿಗೆ 33 ಅಡಿ, ಚೈನಿಗೆ 16 ಆಣೆ. 33 ಅಡಿ ಉದ್ದ, 33 ಅಡಿ ಅಗಲಕ್ಕೆ 1,089 ಚದರ ಅಡಿ, ಅದೇ ಒಂದು ಗುಂಟೆ. ಈ ಪದ್ಧತಿಯಲ್ಲಿ 3.12 ಅಂದರೆ 3 ಚೈನು 12 ಆಣೆ, ಅಂದರೆ 3.75 ಚೈನು, 123.75 ಅಡಿ, 37.719 ಮೀಟರ್. ಇದನ್ನೇ ದಶಮಾಂಶವೆಂದು ಓದಿ 33ರಿಂದ ಗುಣಿಸಿದರೆ 102.96 ಅಡಿ ಬರುತ್ತದೆ, ಸುಮಾರು 21 ಅಡಿ ಕಡಿಮೆ. 3 ಚೈನು 5 ಆಣೆಯನ್ನು 3.5 ಎಂದು ಬರೆದಿದ್ದರೆ ತಪ್ಪು ಇನ್ನೊಂದು ದಿಕ್ಕಿಗೆ ಹೋಗುತ್ತದೆ: ನಿಜವಾದ ಉದ್ದ 109.31 ಅಡಿ, ಕಂಪ್ಯೂಟರ್ ಹೇಳುವುದು 115.5 ಅಡಿ. ಒಂದೇ ಜಮೀನಿನಲ್ಲಿ ಕೆಲವು ಬದಿ ಹಿಗ್ಗಿ ಕೆಲವು ಬದಿ ಕುಗ್ಗಿದಾಗ ಒಟ್ಟು ವಿಸ್ತೀರ್ಣ ಸರ್ಕಾರಿ ವಿಸ್ತೀರ್ಣ ದಾಖಲೆಯಾದ ಆಕಾರ್‌ಬಂದ್‌ನ ಅಂಕಿಗೆ ಹತ್ತಿರವೇ ಬಂದುಬಿಡಬಹುದು. ವಿಸ್ತೀರ್ಣ ತಾಳೆಯಾಯಿತು ಎಂದು ಎಲ್ಲರೂ ಸುಮ್ಮನಾಗುತ್ತಾರೆ, ಮೂಲೆಗಳು ಮಾತ್ರ ಪಕ್ಕದವರ ತೋಟದಲ್ಲಿ ಬಿದ್ದಿರುತ್ತವೆ.

66 ಅಡಿಯ ಗಂಟರ್ ಚೈನಿಗೆ ಈ ರೋಗವಿಲ್ಲ. ಅದಕ್ಕೆ 100 ಲಿಂಕು, ಹಾಗಾಗಿ 3.12 ಅಂದರೆ 3 ಚೈನು 12 ಲಿಂಕು, ಚುಕ್ಕೆ ನಿಜವಾದ ದಶಮಾಂಶವೇ. ಒಂದು ಲಕ್ಷ ಚದರ ಲಿಂಕಿಗೆ ಒಂದು ಎಕರೆ, ಸಾವಿರಕ್ಕೆ ಒಂದು ಸೆಂಟು. ಇಲ್ಲಿನ ಅಪಾಯ ಬೇರೆ. ಗಂಟರ್ ಲಿಂಕು 0.201168 ಮೀಟರ್. ಮೆಟ್ರಿಕ್ ಚೈನಿನ ಲಿಂಕು ಸರಿಯಾಗಿ 0.2 ಮೀಟರ್. ಹಳೆಯ ಲಿಂಕನ್ನು ‘20 ಸೆಂ.ಮೀ. ತಾನೇ’ ಎಂದು ಬದಲಾಯಿಸಿಕೊಂಡರೆ ಎಕರೆ 4,046.86 ಚದರ ಮೀಟರಿನಿಂದ 4,000ಕ್ಕೆ ಇಳಿಯುತ್ತದೆ. ಪ್ರತಿ ಎಕರೆಗೆ ಏಳೂವರೆ ಆಣೆಯ ಹತ್ತಿರ ಮಾಯ. ಹತ್ತು ಎಕರೆಗೆ ನಾಲ್ಕೂವರೆ ಗುಂಟೆ ಹೋಯಿತು ಎಂದುಕೊಳ್ಳಿ. ಊರ ಅಂಚಿನ ಜಮೀನಾದರೆ ನಾಲ್ಕೂವರೆ ಗುಂಟೆಗೆ ನಾಲ್ಕು ಸೈಟು.

ಸಾವಿರ ಪಟ್ಟು ತಪ್ಪಾದರೆ ತೊಂದರೆಯಿಲ್ಲ, ಕಣ್ಣಿಗೆ ಹೊಡೆಯುತ್ತದೆ. ನಕ್ಷೆ ಬರೆಯುವ ಆಟೋಕ್ಯಾಡ್ ಫೈಲು ‘ಮಿಲಿಮೀಟರ್’ ಎಂದು ಹಣೆಪಟ್ಟಿ ಹೊತ್ತಿದ್ದು, ಒಳಗೆ ಬರೆದದ್ದು ಮೀಟರಿನಲ್ಲಾದರೆ, ಇನ್ನೊಂದು ನಕ್ಷೆಗೆ ಸೇರಿಸಿದಾಗ ಜಮೀನು ಸಾಸಿವೆ ಕಾಳಿನಷ್ಟಾಗುತ್ತದೆ. ಯಾರೂ ಅದನ್ನು ನಂಬುವುದಿಲ್ಲ. ನಂಬಿಸುವುದು ಸಣ್ಣ ತಪ್ಪುಗಳು, ಅದರಲ್ಲೂ ಕೋನದ ತಪ್ಪುಗಳು.

ಗುಂಟೆಯ ಚುಕ್ಕೆಯಲ್ಲಿ ಆಗುವ ಗೊಂದಲವೇ ಕೋನದಲ್ಲೂ ಆಗುತ್ತದೆ. ಡಿಗ್ರಿಗೆ 60 ಮಿನಿಟ್, ಮಿನಿಟಿಗೆ 60 ಸೆಕೆಂಡ್. 45 ಡಿಗ್ರಿ 30 ಮಿನಿಟ್ 30 ಸೆಕೆಂಡನ್ನು ಎಷ್ಟೋ ಟೋಟಲ್ ಸ್ಟೇಷನ್‌ಗಳು, ಸರ್ವೆ ತಂತ್ರಾಂಶಗಳು 45.3030 ಎಂದು ಒತ್ತಾಗಿ ಬರೆಯುತ್ತವೆ. ನಿಜವಾದ ದಶಮಾಂಶದಲ್ಲಿ ಅದು 45.50833 ಡಿಗ್ರಿ. 45.3030 ಅನ್ನು ದಶಮಾಂಶ ಎಂದು ಓದಿದರೆ ಅದು 45°18'11" ಆಗುತ್ತದೆ. ಹನ್ನೆರಡು ಮಿನಿಟಿನ ಚಿಲ್ಲರೆ ವ್ಯತ್ಯಾಸ, 100 ಮೀಟರ್ ದೂರಕ್ಕೆ 36 ಸೆಂ.ಮೀ. ಪಕ್ಕಕ್ಕೆ. 300 ಮೀಟರಿನ ಬದಿಯಾದರೆ ಒಂದು ಮೀಟರಿಗೂ ಮೇಲೆ. ಬೇಲಿ ಕಿತ್ತು ಹಾಕಿಸುವುದಕ್ಕೆ ಅಷ್ಟು ಸಾಕು.

ಇದನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಕೋನಗಳ ಕಾಲಮ್ಮನ್ನು ಮೇಲಿನಿಂದ ಕೆಳಗೆ ನೋಡಿ: ಚುಕ್ಕೆಯ ನಂತರದ ಎರಡು ಅಂಕಿ ಎಲ್ಲಾದರೂ 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ದಶಮಾಂಶ ಡಿಗ್ರಿಯೇ, ಏಕೆಂದರೆ 60 ಮಿನಿಟ್ ಎಂಬುದಿಲ್ಲ. ಹತ್ತಿಪ್ಪತ್ತು ಕೋನಗಳಿದ್ದೂ ಎಲ್ಲ 59ರ ಒಳಗೇ ಇದ್ದರೆ ಬಹುತೇಕ ಡಿಗ್ರಿ-ಮಿನಿಟ್-ಸೆಕೆಂಡ್. ಸುತ್ತುಕೋನಗಳ ಮೊತ್ತ ಇನ್ನೂ ಗಟ್ಟಿ ಸಾಕ್ಷಿ. ನಾಲ್ಕು ಮೂಲೆಯ ಜಮೀನಿನ ಒಳಕೋನಗಳು 88.4520, 91.2240, 90.1015, 89.4145 ಎಂದಿವೆ ಎನ್ನಿ. ದಶಮಾಂಶವಾಗಿ ಕೂಡಿದರೆ 359.1920 ಬರುತ್ತದೆ, ಅರ್ಧ ಡಿಗ್ರಿಗೂ ಹೆಚ್ಚು ಕೊರತೆ. ಡಿಗ್ರಿ-ಮಿನಿಟ್-ಸೆಕೆಂಡಾಗಿ ಕೂಡಿದರೆ ಸರಿಯಾಗಿ 360°00'00". ಮೊದಲನೇ ರೀತಿ ಕೂಡಿದವರು ‘ಯಂತ್ರದ ಮುಚ್ಚುದೋಷ’ ಎಂದು ಆ ಕೊರತೆಯನ್ನು ನಾಲ್ಕು ಮೂಲೆಗೂ ಹಂಚಿಬಿಡುತ್ತಾರೆ. ತಂತ್ರಾಂಶದಲ್ಲಿ ಒಂದು ಗುಂಡಿ ಒತ್ತಿದರೆ ಹಂಚಿಕೆ ಆಗಿಬಿಡುತ್ತದೆ, ಪ್ರಶ್ನೆ ಕೇಳುವುದಿಲ್ಲ. ಒಳ್ಳೆಯ ಯಂತ್ರದಲ್ಲಿ ನಾಲ್ಕು ಮೂಲೆಗೆ 48 ಮಿನಿಟ್ ಕೊರತೆ ಬರುವುದೇ ಇಲ್ಲ ಎಂಬುದು ನೆನಪಿದ್ದವರು ಅಲ್ಲಿ ನಿಲ್ಲಬೇಕು.

ಎಕ್ಸೆಲ್ ಹಾಳೆಯ ಮೂಲಕ ಹಾದುಹೋದ ಕೋನಗಳ ಪಾಡು ಬೇರೆ. 45.3000 ಎಂದು ತುಂಬಿದ್ದನ್ನು ಎಕ್ಸೆಲ್ 45.3 ಮಾಡಿ ಉಳಿಸುತ್ತದೆ. ಅದು 45 ಡಿಗ್ರಿ 30 ಮಿನಿಟೋ, ಕೈಯಲ್ಲಿ ತುಂಬಿದವರ ಮನಸ್ಸಿನಲ್ಲಿದ್ದ 45 ಡಿಗ್ರಿ 3 ಮಿನಿಟೋ? ತಂತ್ರಾಂಶ ಮೊದಲನೆಯದನ್ನೇ ಹಿಡಿಯುತ್ತದೆ. ಆದ್ದರಿಂದ 3 ಮಿನಿಟನ್ನು 45.0300 ಎಂದೇ ತುಂಬಬೇಕು, ಕಾಲಮ್ಮನ್ನು ನಾಲ್ಕು ದಶಮಾಂಶ ಸ್ಥಾನಕ್ಕೆ ಕಟ್ಟಿಹಾಕಬೇಕು. ಸೂತ್ರ ಬರೆದು ಮಿನಿಟ್ ಬೇರ್ಪಡಿಸುವವರಿಗೆ ಇನ್ನೊಂದು ಬಲೆಯಿದೆ. 45.3ರಿಂದ 45 ಕಳೆದು 100ರಿಂದ ಗುಣಿಸಿದರೆ ಕಂಪ್ಯೂಟರಿನೊಳಗೆ ಬರುವುದು 30 ಅಲ್ಲ, 29.9999999999997. ಅದರ ಪೂರ್ಣಾಂಕ ಮಾತ್ರ ತೆಗೆದರೆ 29 ಮಿನಿಟ್, ಉಳಿದದ್ದು 100 ಸೆಕೆಂಡ್. ಕೂಡಿದರೆ 30 ಮಿನಿಟ್ 40 ಸೆಕೆಂಡ್ ಆಯಿತು, 40 ಸೆಕೆಂಡ್ ಪುಕ್ಕಟೆ. ಪೂರ್ಣಾಂಕ ತೆಗೆಯುವ ಮೊದಲು ನಾಲ್ಕು ಸ್ಥಾನಕ್ಕೆ ರೌಂಡ್ ಮಾಡಿದರೆ ಈ ಕಾಟ ಇರುವುದಿಲ್ಲ. ಸೈನ್, ಕಾಸ್ ಲೆಕ್ಕಕ್ಕೆ ಎಕ್ಸೆಲ್ ರೇಡಿಯನ್ ಕೇಳುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದೇ. 60 ಡಿಗ್ರಿಯ ಕಾಸ್ 0.5 ಬರುವ ಬದಲು ಮೈನಸ್ 0.952 ಬಂದರೆ ರೇಡಿಯನ್ನಿಗೆ ಬದಲಾಯಿಸಲು ಮರೆತಿದ್ದೀರಿ ಎಂದರ್ಥ.

ಟೋಟಲ್ ಸ್ಟೇಷನ್ನಿನಲ್ಲೇ ಕೋನದ ಮಾನ ಬದಲಾಗಿರುವುದೂ ಉಂಟು. ಯುರೋಪಿನ ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಗಾನ್ ಎಂಬ ಮಾನದಲ್ಲಿ ಪೂರ್ಣ ಸುತ್ತಿಗೆ 400, ಲಂಬಕೋನಕ್ಕೆ 100. ಸೆಕೆಂಡ್‌ಹ್ಯಾಂಡ್ ಯಂತ್ರ ಕೊಂಡವರು ಮೊದಲು ನೋಡಬೇಕಾದ್ದು ಇದನ್ನೇ. ದುರ್ಬೀನನ್ನು ಸಮತಲಕ್ಕೆ ತಂದು ಮೇಲೆ-ಕೆಳಗಿನ ಕೋನದ (ವರ್ಟಿಕಲ್ ಆಂಗಲ್) ಅಂಕಿ ಓದಿ: 90°00'00" ಹತ್ತಿರ ಇದ್ದರೆ ಡಿಗ್ರಿ, 100.0000 ಇದ್ದರೆ ಗಾನ್. ಸೊನ್ನೆ ತೋರಿಸಿದರೆ ಎಣಿಕೆ ತಲೆಯ ಮೇಲಿನಿಂದಲ್ಲ, ಸಮತಲದಿಂದ ಶುರುವಾಗುತ್ತಿದೆ. ಇದು ಗೊತ್ತಿಲ್ಲದೆ ಓರೆ ದೂರವನ್ನು ಸಮತಲ ದೂರಕ್ಕೆ ಇಳಿಸುವ ಲೆಕ್ಕ ಮಾಡಿದರೆ ಕಾಸ್ ಇರಬೇಕಾದಲ್ಲಿ ಸೈನ್ ಬಂದು ಕೂರುತ್ತದೆ.

ಕೋನದ ಮಾನ ಸರಿಯಿದ್ದರೂ ಅದು ಎಲ್ಲಿಂದ, ಯಾವ ಕಡೆ ಸುತ್ತುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಸರ್ವೆಯಲ್ಲಿ ಬೇರಿಂಗ್ (ಬದಿಯ ದಿಕ್ಕು ಹೇಳುವ ಕೋನ) ಉತ್ತರದಿಂದ ಶುರುವಾಗಿ ಪ್ರದಕ್ಷಿಣೆಯಾಗಿ ಸಾಗುತ್ತದೆ. ಆಟೋಕ್ಯಾಡ್ ತನ್ನ ಪಾಡಿಗೆ ಬಿಟ್ಟರೆ ಪೂರ್ವದಿಂದ ಶುರುಮಾಡಿ ಅಪ್ರದಕ್ಷಿಣೆಯಾಗಿ ಎಣಿಸುತ್ತದೆ. ಸರ್ವೆಯ ಬೇರಿಂಗನ್ನು ಹಾಗೇ ತುಂಬಿದರೆ ಇಡೀ ಜಮೀನು ಕನ್ನಡಿಯ ಬಿಂಬವಾಗುತ್ತದೆ. ಪೂರ್ವದ ರಸ್ತೆ ಉತ್ತರಕ್ಕೆ, ಉತ್ತರದ ಹಳ್ಳ ಪೂರ್ವಕ್ಕೆ. ಇದರಲ್ಲಿ ಮೋಸಹೋಗುವ ಅಂಶವೆಂದರೆ ಬಿಂಬದ ವಿಸ್ತೀರ್ಣ, ಸುತ್ತಳತೆ, ಪ್ರತಿ ಬದಿಯ ಉದ್ದ, ಮುಚ್ಚುದೋಷ ಯಾವುದರಲ್ಲೂ ಕೂದಲೆಳೆಯ ವ್ಯತ್ಯಾಸವಿರುವುದಿಲ್ಲ. ಉತ್ತರ ಮತ್ತು ಪೂರ್ವದ ಕಾಲಮ್ಮುಗಳು ಅದಲುಬದಲಾದರೂ ಇದೇ ಆಗುತ್ತದೆ. ಸಿಕ್ಕಿಬೀಳುವುದು ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಓದಿದಾಗ ಮಾತ್ರ. ವಾಸ್ತು ನೋಡುವ ಮಾಲೀಕರು ಇದನ್ನು ನಮಗಿಂತ ಬೇಗ ಹಿಡಿಯುತ್ತಾರೆ! ಆಟೋಕ್ಯಾಡ್‌ನ ಯೂನಿಟ್ಸ್ ಆಜ್ಞೆಯಲ್ಲಿ ಆರಂಭದ ದಿಕ್ಕನ್ನು ಉತ್ತರಕ್ಕಿಟ್ಟು, ಪ್ರದಕ್ಷಿಣೆಯ ಚೌಕಕ್ಕೆ ಗುರುತು ಹಾಕಿದರೆ ಸಾಕು. ಅಲ್ಲೇ ಕೋನದ ನಿಖರತೆಯನ್ನು ಸೆಕೆಂಡಿನವರೆಗೆ ತೆರೆದಿಡಬೇಕು, ಇಲ್ಲವಾದರೆ 45°30'30" ಎಂಬುದು ಪರದೆಯ ಮೇಲೆ 46 ಎಂದು ಕಾಣುತ್ತದೆ, ಯಾರೋ ಅದನ್ನೇ ನೋಡಿ ಬರೆದುಕೊಳ್ಳುತ್ತಾರೆ. ಮಿನಿಟ್, ಸೆಕೆಂಡ್ ತುಂಬುವಾಗ ಡಿಗ್ರಿ ಚಿಹ್ನೆಯ ಜಾಗದಲ್ಲಿ ಇಂಗ್ಲಿಷಿನ ಡಿ ಅಕ್ಷರ ಬಳಸಿ. ಬರೀ ಚುಕ್ಕೆ ಹಾಕಿದರೆ ಆ ತಂತ್ರಾಂಶಕ್ಕೆ ಅದು ಅಪ್ಪಟ ದಶಮಾಂಶ.

ಇನ್ನು ಅಡಿ. ಅಡಿಯೂ ಒಂದೇ ಇಲ್ಲ. ನಾವು ಬಳಸುವ ಅಂತರರಾಷ್ಟ್ರೀಯ ಅಡಿ ಸರಿಯಾಗಿ 0.3048 ಮೀಟರ್. ತಂತ್ರಾಂಶದ ಪಟ್ಟಿಯಲ್ಲಿ ಅದರ ಪಕ್ಕದಲ್ಲೇ ಅಮೆರಿಕದ ಸರ್ವೆ ಅಡಿ ಇರುತ್ತದೆ, ಅದು ಮೀಟರಿನ 3937ನೇ ಭಾಗದ 1200 ಪಟ್ಟು. ಅಮೆರಿಕವೇ 2022ರ ಕೊನೆಗೆ ಅದನ್ನು ಕೈಬಿಟ್ಟಿತು, ಪಟ್ಟಿಯಿಂದ ಹೋಗಿಲ್ಲ. ಕೆಲವು ತಂತ್ರಾಂಶಗಳಲ್ಲಿ ಇಂಡಿಯನ್ ಫುಟ್ ಎಂದೂ ಇದೆ, ಸುಮಾರು 0.3047995 ಮೀಟರ್. ಹೆಸರಿನಲ್ಲಿ ಇಂಡಿಯನ್ ಎಂದಿದೆಯಲ್ಲ ಎಂದು ಆರಿಸಿಕೊಂಡರೆ ಕೆಟ್ಟಿರಿ. ಅದು ಹಳೆಯ ತ್ರಿಕೋನಮಿತಿ ಸರ್ವೆಗಳ ಅಂಕಿ ಓದುವುದಕ್ಕಾಗಿ ಉಳಿಸಿಕೊಂಡದ್ದು. 30-40 ಸೈಟಿನಲ್ಲಿ ಇವುಗಳ ನಡುವಿನ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಹತ್ತು ಲಕ್ಷಕ್ಕೆ ಎರಡು ಪಾಲು. ಆದರೆ ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಸ್ಥಾನ ಹೇಳುವ ಪದ್ಧತಿ) ನಿರ್ದೇಶಾಂಕಗಳನ್ನು ಅಡಿಗೆ ಬದಲಾಯಿಸಿದಾಗ ಗೊತ್ತಾಗುತ್ತದೆ. ಬೆಂಗಳೂರಿನ ಉತ್ತರ ನಿರ್ದೇಶಾಂಕ ಸುಮಾರು 14,34,000 ಮೀಟರ್. ಒಂದು ಅಡಿಯಲ್ಲಿ ಹೊರಗೆ ಕಳಿಸಿ ಇನ್ನೊಂದು ಅಡಿಯಲ್ಲಿ ಒಳಗೆ ತಂದರೆ ಇಡೀ ಲೇಔಟು ಸುಮಾರು 2.9 ಮೀಟರ್ ಉತ್ತರಕ್ಕೋ ದಕ್ಷಿಣಕ್ಕೋ ಜರುಗಿಬಿಡುತ್ತದೆ. ಆಕಾರ ಸರಿ, ವಿಸ್ತೀರ್ಣ ಸರಿ, ಜಾಗ ಮಾತ್ರ ತಪ್ಪು. ನಿರ್ದೇಶಾಂಕಗಳನ್ನು ಯಾವ ಕಾರಣಕ್ಕೂ ಅಡಿಗೆ ತಿರುಗಿಸಬಾರದು, ಮೀಟರಿನಲ್ಲೇ ಇಡಬೇಕು, ಅಡಿ ಬೇಕಿದ್ದರೆ ಬದಿಯ ಉದ್ದದಲ್ಲಿ ಬರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಯುಟಿಎಂನ ಮೀಟರೂ ನೆಲದ ಮೀಟರಲ್ಲ ಎಂಬುದನ್ನು ಜಿಪಿಎಸ್ ರೋವರ್ (ಉಪಗ್ರಹದ ನೆರವಿನಿಂದ ಸ್ಥಾನ ಅಳೆಯುವ ಯಂತ್ರ) ಬಂದ ಮೇಲೆ ಎಲ್ಲರೂ ತಿಳಿಯಬೇಕಾಗಿದೆ. ರಾಜ್ಯದ ಬಹುಭಾಗ 43ನೇ ವಲಯದಲ್ಲಿದೆ, ಅದರ ನಡುರೇಖೆ 75 ಡಿಗ್ರಿ ಪೂರ್ವ. ಆ ರೇಖೆಯ ಹತ್ತಿರವಿರುವ ಮಂಗಳೂರಿನಲ್ಲಿ ನೆಲದ 100 ಮೀಟರ್ ಯುಟಿಎಂನಲ್ಲಿ 4 ಸೆಂ.ಮೀ. ಕಡಿಮೆ. ಬೆಂಗಳೂರಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಹೆಚ್ಚು. 78 ಡಿಗ್ರಿಯ ಅಂಚಿಗೆ ಬಂದರೆ ಸುಮಾರು 8 ಸೆಂ.ಮೀ. ಹೆಚ್ಚು, ಅಲ್ಲಿ 10 ಎಕರೆ ಜಮೀನಿಗೆ ಹತ್ತು ಆಣೆ ಜಾಸ್ತಿ ತೋರಿಸುತ್ತದೆ. ಕೋಲಾರ, ಮುಳಬಾಗಿಲು 78ನ್ನು ದಾಟಿ 44ನೇ ವಲಯಕ್ಕೆ ಸೇರುತ್ತವೆ. ವಲಯ ತಪ್ಪಾಗಿ ಆರಿಸಿದವರ ನಕ್ಷೆ ನೂರಾರು ಕಿಲೋಮೀಟರ್ ಆಚೆ ಹೋಗಿ ಬೀಳುವುದರಿಂದ ಆ ತಪ್ಪು ತಾನಾಗಿ ತಿಳಿಯುತ್ತದೆ. ಬೆಂಗಳೂರಿನಲ್ಲಿ ಯುಟಿಎಂನ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಸುಮಾರು 35 ಮಿನಿಟ್ ಕೋನವಿದೆ, 100 ಮೀಟರಿಗೆ ಒಂದು ಮೀಟರ್. ದಿಕ್ಸೂಚಿಯ ಉತ್ತರ ಮೂರನೆಯದು. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ ಬಳಸುವವರು ಗಮನಿಸಲಿ: ಅದರಲ್ಲಿ ವಿಸ್ತೀರ್ಣ ಲೆಕ್ಕ ಹಾಕುವ ಎರಡು ಸೂತ್ರಗಳಿವೆ, ಒಂದು ಭೂಮಿಯ ಗೋಳಾಕಾರ ಲೆಕ್ಕಕ್ಕೆ ಹಿಡಿಯುತ್ತದೆ, ಇನ್ನೊಂದು ಚಪ್ಪಟೆ ಹಾಳೆಯ ಲೆಕ್ಕ. ಒಂದೇ ಜಮೀನಿಗೆ ಎರಡೂ ಬೇರೆ ಅಂಕಿ ಕೊಟ್ಟರೆ ತಂತ್ರಾಂಶ ಕೆಟ್ಟಿಲ್ಲ.

ಹೊಸ ಯಂತ್ರ, ಹೊಸ ತಂತ್ರಾಂಶ ಕೈಗೆ ಬಂದಾಗ ಮಾಡಿನೋಡಬಹುದಾದ ಪರೀಕ್ಷೆಯೊಂದನ್ನು ಇಲ್ಲಿ ಕೊಡುತ್ತೇನೆ. 30-40ರ ಸೈಟೊಂದನ್ನು ಓರೆಯಾಗಿ ತುಂಬಿ. ಮೊದಲ ಮೂಲೆಯ ಪೂರ್ವ 1000, ಉತ್ತರ 1000. ಮೊದಲ ಬದಿ 12.192 ಮೀಟರ್, ಅಂದರೆ 40 ಅಡಿ, ಬೇರಿಂಗ್ 20°15'40". ಎರಡನೆಯದು 9.144 ಮೀಟರ್, 110°15'40". ಉಳಿದೆರಡು ಬದಿಗಳಿಗೂ ಹೀಗೇ 90 ಕೂಡಿಸುತ್ತ ಹೋಗಿ. ವಿಸ್ತೀರ್ಣ 1,200 ಚದರ ಅಡಿ ಅಥವಾ 111.48 ಚದರ ಮೀಟರ್ ಬರಬೇಕು. ಬಂದೇ ಬರುತ್ತದೆ, ಕೋನವನ್ನು ತಪ್ಪಾಗಿ ಓದಿದ್ದರೂ ಬರುತ್ತದೆ. ನೋಡಬೇಕಾದ್ದು ಎರಡನೇ ಮೂಲೆಯನ್ನು. ಪೂರ್ವ 1004.222, ಉತ್ತರ 1011.438 ಇದ್ದರೆ ಎಲ್ಲ ಸರಿ. 1004.201 ಮತ್ತು 1011.445 ಬಂದರೆ ಡಿಗ್ರಿ-ಮಿನಿಟನ್ನು ದಶಮಾಂಶವಾಗಿ ಓದಿದೆ. ಪೂರ್ವ 1011.438, ಉತ್ತರ 1004.222 ಎಂದು ತಿರುಗಾಮುರುಗಾ ಬಂದರೆ ನಕ್ಷೆ ಕನ್ನಡಿಯ ಬಿಂಬವಾಗಿದೆ. ಒಂದೇ ತಂತ್ರಾಂಶದಲ್ಲಿ ಮಾಡಿ ನಿಲ್ಲಿಸಬೇಡಿ, ಹೊರಗೆ ಕಳಿಸಿ ಇನ್ನೊಂದರಲ್ಲಿ ತೆರೆದು ಮತ್ತೆ ನೋಡಿ.

ಭೂಮಾಪನ ಇಲಾಖೆ ಮತ್ತು ಪರವಾನಗಿ ಭೂಮಾಪಕರ ಮುಂದೆ ನನ್ನ ಬೇಡಿಕೆ ದೊಡ್ಡದೇನಲ್ಲ. 11ಇ ನಕ್ಷೆ (ಜಮೀನಿನ ಭಾಗ ಮಾರುವ ಮೊದಲು ಮಾಡಿಸುವ ನಕ್ಷೆ) ಇರಲಿ, ಪೋಡಿ ಸ್ಕೆಚ್ಚಿರಲಿ, ಖಾಸಗಿ ಲೇಔಟಿರಲಿ, ಕೆಳಗಿನ ಪಟ್ಟಿಯಲ್ಲಿ ಒಂದು ಸಾಲು ಕಡ್ಡಾಯವಾಗಲಿ. ದೂರ ಯಾವ ಮಾನದಲ್ಲಿದೆ, ಹಳೆಯ ಚೈನು-ಆಣೆಯಿಂದ ಬದಲಾಯಿಸಿದ್ದರೆ ಯಾವ ಗುಣಕದಿಂದ. ಕೋನ ಡಿಗ್ರಿ-ಮಿನಿಟ್-ಸೆಕೆಂಡೋ ದಶಮಾಂಶವೋ, ಯಾವ ಉತ್ತರದಿಂದ. ಉದ್ದ ನೆಲದ್ದೋ ಯುಟಿಎಂನದ್ದೋ, ವಲಯ ಯಾವುದು. ವಿಸ್ತೀರ್ಣವನ್ನು ಚದರ ಮೀಟರಿನಲ್ಲಿ ಕೊಟ್ಟು, ಪಕ್ಕದಲ್ಲೇ ಎಕರೆ, ಗುಂಟೆ, ಆಣೆಯನ್ನು ಚುಕ್ಕೆಯಿಲ್ಲದೆ ಬೇರೆ ಬೇರೆ ಮನೆಗಳಲ್ಲಿ ಬರೆಯಲಿ. ಗುಂಟೆ ಬಿಡಿ ಎಂದು ನಾನು ಹೇಳುತ್ತಿಲ್ಲ, ಊರಿನಲ್ಲಿ ಯಾರೂ ಚದರ ಮೀಟರಿನಲ್ಲಿ ಜಮೀನು ಮಾರುವುದಿಲ್ಲ. ಟಿಪ್ಪಣಿಯನ್ನು ಕಂಪ್ಯೂಟರಿಗೆ ಏರಿಸುವಾಗ ಚೈನಿಗೊಂದು, ಆಣೆಗೊಂದು ಕಾಲಮ್ ಇರಲಿ. ಆಣೆಯ ಕಾಲಮ್ಮು 16 ಮತ್ತು ಅದಕ್ಕೆ ಮೇಲಿನ ಅಂಕಿಯನ್ನು ಒಪ್ಪದಂತೆ, ಗುಂಟೆಯ ಕಾಲಮ್ಮು 40ನ್ನು ಒಪ್ಪದಂತೆ ಕಟ್ಟಿಹಾಕಲಿ.

ಮುದ್ರಿತ ನಕ್ಷೆಯ ಜೊತೆ ನಿರ್ದೇಶಾಂಕಗಳ ಫೈಲನ್ನೂ ಅರ್ಜಿದಾರರಿಗೆ ಕೊಡಲಿ. ಪ್ರಿಂಟರಿನಲ್ಲಿ ‘ಪುಟಕ್ಕೆ ಹೊಂದಿಸು’ ಒತ್ತಿದ ಕೂಡಲೇ 1:500 ಎಂದು ಬರೆದ ನಕ್ಷೆ 1:500 ಆಗಿ ಉಳಿಯುವುದಿಲ್ಲ, ಮೇಲಿನ ಅಕ್ಷರ ಮಾತ್ರ ಹಾಗೇ ಇರುತ್ತದೆ. ಅಂಕಿಯ ಸ್ಕೇಲಿನ ಜೊತೆ ಗೆರೆಯ ಸ್ಕೇಲೂ ಇದ್ದರೆ, ಜೆರಾಕ್ಸಿನಲ್ಲಿ ಕುಗ್ಗಿದರೂ ನಕ್ಷೆಯೂ ಆ ಗೆರೆಯೂ ಒಟ್ಟಿಗೆ ಕುಗ್ಗುತ್ತವೆ, ಪಟ್ಟಿ ಇಟ್ಟು ಅಳೆಯುವವರಿಗೆ ದಾರಿ ಉಳಿಯುತ್ತದೆ.

ಇಂತಿ,
ಪರವಾನಗಿ ಭೂಮಾಪಕ, ತಿಪಟೂರು